ಕೇಳುವುದಕ್ಕೆಂದು ಕಳಿಸಿದ ಹುಡುಗಿ

ನಮ್ಮ ಪ್ರಾಂಶುಪಾಲರಿಗೆ ಲಕ್ವ ಹೊಡೆದದ್ದು ಕಾಲೇಜು ಶುರುವಾಗಿ ಎರಡು ತಿಂಗಳು ಕಳೆದ ಮೇಲೆ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಕೊಠಡಿಗೆ ಹೋದವರು ಕುರ್ಚಿಯಿಂದ ಏಳಲಾಗಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಜೀವಕ್ಕೆ ಅಪಾಯವಿಲ್ಲ, ಆದರೆ ಈ ವರ್ಷ ಕೆಲಸಕ್ಕೆ ಬರಲಾರರು ಎಂದು ವೈದ್ಯರು ಹೇಳಿದರು. ಅವರ ಜಾಗಕ್ಕೆ ಸದ್ಯಕ್ಕೆ ಒಬ್ಬರನ್ನು ಕೂರಿಸಬೇಕಾಗಿತ್ತು. ವಿಶ್ವವಿದ್ಯಾನಿಲಯಕ್ಕೆ ಹೋಗುವ ಪರೀಕ್ಷೆಯ ಅರ್ಜಿಗಳಿಗೆ ಸಹಿ ಹಾಕುವವರೇ ಇರಲಿಲ್ಲ.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಶಿಡ್ಲಘಟ್ಟದ ಅಂಚಿನಲ್ಲಿದ್ದ ಒಂದು ಟ್ರಸ್ಟಿನ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ನನ್ನ ಊರು ಗೌರಿಬಿದನೂರು. ವಾರದಲ್ಲಿ ಐದು ದಿನ ಶಿಡ್ಲಘಟ್ಟದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯೊಡೆಯರ ಹಿತ್ತಲಿನಲ್ಲಿ ರೇಷ್ಮೆ ನೂಲು ತೆಗೆಯುವ ಚರಕಗಳಿದ್ದವು. ಬೇಯುವ ಗೂಡಿನ ವಾಸನೆ ಬೆಳಗಿನ ಕಾಫಿಗೂ ಅಂಟಿಕೊಂಡಿರುತ್ತಿತ್ತು.

ಪ್ರಭಾರ ಪ್ರಾಂಶುಪಾಲರಾಗಲು ಇಬ್ಬರಿದ್ದರು. ಒಬ್ಬರು ರಸಾಯನಶಾಸ್ತ್ರದ ಮುಖ್ಯಸ್ಥರು, ಎಲ್ಲರಿಗಿಂತ ಹಿರಿಯರು. ಗಂಟೆ ಹೊಡೆದ ಮೇಲೆ ಬಂದ ಹುಡುಗನನ್ನು ಒಳಗೆ ಬಿಟ್ಟವರಲ್ಲ, ನಗುವುದೂ ಅಪರೂಪ. ಇನ್ನೊಬ್ಬರು ವಾಣಿಜ್ಯ ವಿಭಾಗದ ಮೇಷ್ಟ್ರು. ಕಾರಿಡಾರಿನಲ್ಲಿ ಎದುರಾದವರ ಹೆಗಲ ಮೇಲೆ ಕೈಯಿಟ್ಟು ಮನೆಯವರ ಕ್ಷೇಮ ವಿಚಾರಿಸುವ ಮನುಷ್ಯ. ಟ್ರಸ್ಟಿನ ಕಾರ್ಯದರ್ಶಿಯವರಿಗೆ ಹೆಂಡತಿಯ ಕಡೆಯಿಂದ ನೆಂಟರು. ಆಯ್ಕೆಗೆಂದು ಅಧ್ಯಕ್ಷರು, ಕಾರ್ಯದರ್ಶಿ, ಒಬ್ಬ ಡಾಕ್ಟರು ಮತ್ತು ಒಬ್ಬ ನಿವೃತ್ತ ಹೆಡ್‌ಮಾಸ್ಟರು ಇದ್ದ ಸಮಿತಿಯಾಯಿತು.

ಸುದ್ದಿ ತಿಳಿದ ಮಾರನೆಯ ದಿನ ವಿದ್ಯಾರ್ಥಿಗಳು ಕಾಲೇಜಿನ ಮೊಗಸಾಲೆಯಲ್ಲಿ ಕೂತುಬಿಟ್ಟರು. ಘೋಷಣೆ ಕೂಗಲಿಲ್ಲ, ಕಲ್ಲೆಸೆಯಲಿಲ್ಲ. ಸಮಿತಿಯಲ್ಲಿ ನಮ್ಮವರೂ ಒಬ್ಬರಿರಬೇಕು ಎನ್ನುವುದೊಂದೇ ಬೇಡಿಕೆ. ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ಕಾರ್ಯದರ್ಶಿಯವರು ನನ್ನನ್ನು ಕರೆಸಿದರು.

"ಒಂದು ಕುರ್ಚಿ ತಾನೇ, ಹಾಕ್ಸಣ ಬಿಡಿ ಮೇಡಂ. ನಾಲ್ಕು ಜನದ ಮಧ್ಯೆ ಒಬ್ಬ ಹುಡುಗ ಕೂತ್ಕೊಂಡ್ರೆ ಆಕಾಶ ಏನೂ ಬಿದ್ದೋಗಲ್ಲ. ನೀವು ಪಾಲಿಟಿಕ್ಸ್ ಹೇಳ್ಕೊಡ್ತೀರಲ್ಲ, ಒಂದು ಹೆಸರು ಕೊಡಿ. ಜಗಳ ಮಾತ್ರ ಆಗಬಾರದು."

ನನಗೆ ಒಳಗೊಳಗೇ ಖುಷಿಯಾಯಿತು, ಅದನ್ನು ಮುಚ್ಚಿಡುವುದೇಕೆ. ಪ್ರಾತಿನಿಧ್ಯ ಎಂಬ ಅಧ್ಯಾಯವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಬರೆದು ಮುಗಿಸುತ್ತಿದ್ದೆ. ಒಬ್ಬ ಮನುಷ್ಯ ಇನ್ನೊಬ್ಬರ ಪರವಾಗಿ ಹೇಗೆ ಮಾತಾಡುತ್ತಾನೆ ಎನ್ನುವುದನ್ನು ಕಣ್ಣಾರೆ ನೋಡುವ ಅವಕಾಶ ಅದುವರೆಗೆ ಸಿಕ್ಕಿರಲಿಲ್ಲ.

ಕಾಲೇಜಿನಲ್ಲಿ ಆಗ ಚುನಾಯಿತ ಸಂಘವಿರಲಿಲ್ಲ. ಹಿಂದಿನ ವರ್ಷದ ಚುನಾವಣೆಯಲ್ಲಿ ಹೊಡೆದಾಟವಾಗಿ ಟ್ರಸ್ಟು ಅದನ್ನು ನಿಲ್ಲಿಸಿತ್ತು. ಇದ್ದದ್ದು ಎರಡು ಗುಂಪು. ಒಂದು, ಪಟ್ಟಣದ ಹುಡುಗರ ಸಂಘ. ಅದರ ಮುಂದಾಳು ಕೊನೆಯ ವರ್ಷದ ಬಿ.ಎ. ಹುಡುಗ. ಮನೆಯಲ್ಲಿ ಜಮೀನು, ತೋಟ, ಮೋಟರ್ ಸೈಕಲ್ಲು. ರಾಜ್ಯೋತ್ಸವ, ಕ್ರಿಕೆಟ್ಟು ಎಲ್ಲಕ್ಕೂ ಅವನೇ ಮುಂದು. ಇನ್ನೊಂದು, ಕಾಲೇಜಿನ ಹಿಂದೆಯೇ ಇದ್ದ ಸರ್ಕಾರಿ ಹಾಸ್ಟೆಲಿನ ವಿದ್ಯಾರ್ಥಿಗಳ ಸಂಘ. ಅದರ ಮುಂದಾಳು ಬಿ.ಎಸ್ಸಿ. ಕೊನೆಯ ವರ್ಷದವನು, ಚಿಂತಾಮಣಿ ಕಡೆಯ ದಲಿತ ಕುಟುಂಬದವನು. ಅವನಣ್ಣ ಗುಮಾಸ್ತರು, ಮನೆಯಲ್ಲಿ ಬುದ್ಧನ ಪಟ ಹಾಕಿಕೊಂಡವರು. ತಮ್ಮನೂ ಅಣ್ಣನ ಹಾಗೆ ಮಾತನ್ನು ತೂಗಿ ಆಡುತ್ತಿದ್ದ.

ಇಬ್ಬರೂ ಅಂದೇ ಸಂಜೆ ಒಂದೊಂದು ಹೆಸರು ತಂದುಕೊಟ್ಟರು. ಎರಡೂ ಅವರವರ ಹೆಸರೇ. ನಿಮ್ಮ ಸಂಘದಲ್ಲಿ ಹುಡುಗಿಯರು ಎಷ್ಟು ಜನ ಎಂದು ಕೇಳಿದೆ. ಇಬ್ಬರೂ ಒಂದೇ ರೀತಿ ಹಿಂದಲೆ ಕೆರೆದುಕೊಂಡರು.

ಆಗ ನಾನು ಪುಸ್ತಕದ ದಾರಿ ಹಿಡಿದೆ. ಪ್ರತಿ ತರಗತಿಯೂ ಚೀಟಿ ಹಾಕಿ ಒಬ್ಬರನ್ನು ಆರಿಸುವುದು, ಆರಿಸಿ ಬಂದವರೆಲ್ಲ ಸೇರಿ ತಮ್ಮೊಳಗೆ ಒಬ್ಬರನ್ನು ಆರಿಸುವುದು. ನ್ಯಾಯವಾಗಿದೆ, ಅಚ್ಚುಕಟ್ಟಾಗಿದೆ ಎಂದುಕೊಂಡೆ. ಗುರುವಾರ ಬೆಳಗಿನ ಮೊದಲ ಅವಧಿಯಲ್ಲಿ ಎಲ್ಲ ತರಗತಿಗಳಲ್ಲೂ ಚೀಟಿ ಹಾಕಿಸಿದೆ. ಎಣಿಸಿ ನೋಡಿದರೆ ಆರಿಸಿ ಬಂದವರು ಒಬ್ಬರನ್ನು ಬಿಟ್ಟು ಎಲ್ಲರೂ ಪಟ್ಟಣದ ಸಂಘದ ಹುಡುಗರು.

ಏಕೆ ಹೀಗಾಯಿತೆಂದು ಹಾಜರಿ ನೋಡಿದೆ. ಹಳ್ಳಿಯ ಬೆಂಚುಗಳು ಅರ್ಧಕ್ಕರ್ಧ ಖಾಲಿ. ಅದು ಗೂಡಿನ ಕಾಲ. ಸುತ್ತಲಿನ ಊರುಗಳಲ್ಲಿ ರೇಷ್ಮೆ ಹುಳು ಹಣ್ಣಾಗಿದ್ದವು. ಹುಳು ಹಣ್ಣಾದರೆ ಅವತ್ತೇ ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಮನೆಯವರೆಲ್ಲ ಕೈಹಾಕದಿದ್ದರೆ ತಿಂಗಳ ದುಡಿಮೆ ಹಾಳು. ಗೌರಿಬಿದನೂರಿನ ನನಗೆ ಇದು ತಿಳಿಯದ ವಿಷಯವೇನಲ್ಲ. ಆದರೂ ಚೀಟಿ ಹಾಕಿಸುವ ದಿನ ಗೊತ್ತುಮಾಡುವಾಗ ತಲೆಗೆ ಹೊಳೆದಿರಲಿಲ್ಲ.

ಹಾಸ್ಟೆಲಿನ ಮುಂದಾಳು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದ. ಫಲಿತಾಂಶ ಒಪ್ಪುವುದಿಲ್ಲ ಎಂದ. ಇನ್ನೊಂದು ದಿನ ಎಲ್ಲರೂ ಬಂದಾಗ ಮತ್ತೆ ಎಣಿಸೋಣ ಎಂದೆ.

"ಯಾವತ್ತು ಎಣಿಸಿದ್ರೂ ಅಷ್ಟೇ ಮೇಡಂ," ಎಂದ. "ತಲೆ ಎಣಿಸಿದ್ರೆ ನಾವು ಯಾವಾಗ್ಲೂ ಕಮ್ಮಿನೇ ಬರ್ತೀವಿ. ಅದಕ್ಕೇ ನಾವು ಒಂದು ಸಂಘ ಅಂತ ಮಾಡ್ಕೊಂಡಿರೋದು."

ಪಟ್ಟಣದ ಮುಂದಾಳು ಬಂದು, ನ್ಯಾಯವಾಗಿ ಗೆದ್ದಿದ್ದೀವಿ, ಈಗ ನಿಯಮ ಬದಲಾಯಿಸಿದರೆ ಮತ್ತೆ ಮೊಗಸಾಲೆಯಲ್ಲಿ ಕೂರುತ್ತೇವೆ ಎಂದ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಯಾವ ಪುಸ್ತಕದಲ್ಲೂ ಈ ಇಬ್ಬರಿಗೆ ಒಟ್ಟಿಗೆ ಹೇಳಬಹುದಾದ ಉತ್ತರವನ್ನು ನಾನು ಓದಿರಲಿಲ್ಲ. ಸಮಿತಿ ಸೇರಲು ಒಂದು ವಾರ ಉಳಿದಿತ್ತು.

ಶನಿವಾರ ಊರಿಗೆ ಹೋಗುವ ಬದಲು ಕೆಂಚಾರ್ಲಹಳ್ಳಿಯ ಬಸ್ಸು ಹತ್ತಿದೆ. ಚೀಟಿ ಹಾಕಲು ಬರಲಾಗದೆ ಉಳಿದವರನ್ನೇ ಕೇಳೋಣ ಎನ್ನಿಸಿತ್ತು. ಅಲ್ಲಿ ನನ್ನದೇ ತರಗತಿಯ ಒಬ್ಬ ಹುಡುಗನಿದ್ದ, ಯಾವ ಗುಂಪಿಗೂ ಸೇರದವನು. ಅವನ ತಾಯಿ ನನ್ನನ್ನು ಕಂಡು, "ರಾ ಅಮ್ಮಾ, ಚಪ್ಪಲಿ ಆಚೆ ಬಿಡಮ್ಮ, ಹುಳಕ್ಕೆ ಸೋಂಕಾಗ್ತದೆ," ಎಂದು ಒಳಗೆ ಕರೆದರು. ಹುಡುಗ ನೆಲದ ಮೇಲೆ ಕೂತು ಹಳದಿಗೆ ತಿರುಗಿದ ಹುಳುಗಳನ್ನು ಒಂದೊಂದಾಗಿ ಎತ್ತಿ ಚಂದ್ರಿಕೆಗೆ ಬಿಡುತ್ತಿದ್ದ. ಮೇಷ್ಟ್ರಮ್ಮ ಮನೆಗೇ ಬಂದದ್ದು ನೋಡಿ ಗಾಬರಿಯಾಗಿ ಎದ್ದ. ಕೂತುಕೋ ಎಂದು ನಾನೂ ಪಕ್ಕದಲ್ಲಿ ಕೂತೆ. ಎರಡು ಮಂಕರಿ ಮುಗಿಯುವ ತನಕ ಮಾತಾಡುತ್ತಲೇ ಆರಿಸಿದೆವು.

ಸಮಿತಿಯಲ್ಲಿ ಯಾರಿರಬೇಕು ಅಂತೀಯ ಎಂದು ಕೇಳಿದೆ. ಯಾರಾದರೂ ಇರಲಿ ಎಂದ. ಪ್ರಾಂಶುಪಾಲರು ಯಾರಾಗಬೇಕು ಎಂದೆ. ಅದಕ್ಕೂ ಅದೇ ಉತ್ತರ. ನಿನಗೆ ಏನೂ ಬೇಡವೇ ಎಂದಾಗ ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟು, "ಒಂದು ಮಾತು ಕೇಳ್ಬೋದಾ ಮೇಡಂ," ಎಂದ. "ಈ ಗೂಡಿನ ಟೈಮಲ್ಲಿ ಬರದೇ ಇದ್ದಿದ್ದಕ್ಕೆ ಹಾಜರಿ ಕಮ್ಮಿ ಅಂತ ಪರೀಕ್ಷೆಗೆ ಕೂರಿಸಲ್ವಾ? ಅದನ್ನ ಕೇಳೋರು ಯಾರು?"

ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಇದನ್ನೇ ಯೋಚಿಸಿದೆ. ಹೆಸರು ಹೇಳು ಎಂದಾಗ ಏನೂ ಇಲ್ಲದವನ ಬಳಿ ಪ್ರಶ್ನೆ ಮಾತ್ರ ಸಿದ್ಧವಾಗಿಯೇ ಇತ್ತು. ಎಲ್ಲರಿಂದಲೂ ನಾನು ಹೆಸರು ಕೇಳುತ್ತಿದ್ದೆ. ಹೆಸರು ಕೇಳಿದರೆ ಜಗಳ ಬರದೆ ಇನ್ನೇನು ಬಂದೀತು? ಹೆಸರಿನ ಬದಲು ಪ್ರಶ್ನೆ ಕೇಳಿದರೆ? ಮೊದಲು ಪ್ರಶ್ನೆಗಳು, ಆಮೇಲೆ ಅವನ್ನು ಹೊತ್ತುಕೊಂಡು ಹೋಗುವವರು. ಬಸ್ಸು ಶಿಡ್ಲಘಟ್ಟ ಮುಟ್ಟುವಷ್ಟರಲ್ಲಿ ನಾನು ನಿರ್ಧಾರ ಮಾಡಿದ್ದೆ. ಆದರೆ ಇದು ನಡೆಯುತ್ತದೆಯೋ ಇಲ್ಲವೋ ಎಂಬ ಅಳುಕೂ ಇತ್ತು.

ಸೋಮವಾರ ಮಧ್ಯಾಹ್ನ ಎಲ್ಲರನ್ನೂ ಆಟದ ಮೈದಾನದ ಹುಣಸೆಮರದ ಕೆಳಗೆ ಸೇರಿಸಿದೆ. ಅಷ್ಟು ಹೊತ್ತಿಗೆ ಹಳ್ಳಿಯ ಹುಡುಗರೂ ವಾಪಸಾಗಿದ್ದರು. ಚೀಟಿಯ ಫಲಿತಾಂಶ ರದ್ದು ಎಂದಾಗ ಪಟ್ಟಣದ ಹುಡುಗರು ಗದ್ದಲವೆಬ್ಬಿಸಿದರು. ಹೊಸ ದಾರಿಯನ್ನು ಒಂದು ಸಲ ಕೇಳಿಸಿಕೊಳ್ಳಿ, ಒಪ್ಪದಿದ್ದರೆ ನಾನೇ ಈ ಕೆಲಸದಿಂದ ಹಿಂದೆ ಸರಿಯುತ್ತೇನೆ ಎಂದೆ. ತರಗತಿಯ ಬೋರ್ಡೊಂದನ್ನು ಮರಕ್ಕೆ ಒರಗಿಸಿ, ಇಬ್ಬರು ಅಭ್ಯರ್ಥಿಗಳಿಗೂ ನೀವು ಕೇಳಬೇಕಾದ ಪ್ರಶ್ನೆ ಬರೆಯಿರಿ ಎಂದು ಸೀಮೆಸುಣ್ಣ ಇಟ್ಟೆ.

ಬೋರ್ಡು ತುಂಬಿ ಅಳಿಸಿ ಮತ್ತೆ ತುಂಬಿತು. ಕೊನೆಗೆ ಉಳಿದದ್ದು ನಾಲ್ಕು. ಗೂಡಿನ ಕಾಲದ ಹಾಜರಿಯದು ಹಳ್ಳಿಯವರ ಪ್ರಶ್ನೆ. ನಿಂತುಹೋದ ಚುನಾವಣೆ ಮತ್ತೆ ನಡೆಸುತ್ತೀರಾ ಎಂಬುದು ಪಟ್ಟಣದವರದು. ಮೂರನೆಯದು ಹಾಸ್ಟೆಲಿನವರದು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಹಾಸ್ಟೆಲಿನ ಹುಡುಗರನ್ನೆಲ್ಲ ಒಟ್ಟಿಗೆ ಕೊನೆಯ ಬ್ಯಾಚಿಗೆ ಹಾಕಿದ್ದರು, ಅದನ್ನು ಬದಲಾಯಿಸುತ್ತೀರಾ ಎಂದು. ನಾಲ್ಕನೆಯದನ್ನು ಒಬ್ಬ ಹುಡುಗಿ ಬಂದು ಚಿಕ್ಕ ಅಕ್ಷರದಲ್ಲಿ ಬರೆದು ಹೋದಳು: ಲೇಡೀಸ್ ರೂಮಿಗೆ ಬೀಗ ಯಾಕೆ?

ಈಗ ಇವನ್ನು ಕೇಳುವವರು ಯಾರು? ಅದಕ್ಕೊಂದು ಪರೀಕ್ಷೆ ಇಟ್ಟೆ. ಮುಂದೆ ಬಂದವರು ತಮ್ಮದಲ್ಲದ ಒಂದು ಪ್ರಶ್ನೆಯನ್ನು ವಿವರಿಸಬೇಕು. ಆ ಪ್ರಶ್ನೆಯವರು ಹೌದು, ನಮ್ಮ ಕಷ್ಟ ಇದೇ ಎನ್ನಬೇಕು.

ಪಟ್ಟಣದ ಮುಂದಾಳು ಮೊದಲು ಬಂದ. ಹಾಸ್ಟೆಲ್ ಬ್ಯಾಚಿನ ಪ್ರಶ್ನೆ ಎತ್ತಿಕೊಂಡು, ಇವರಿಗೆ ಲ್ಯಾಬು ತಡವಾಗಿ ಮುಗಿದು ಊಟಕ್ಕೆ ತೊಂದರೆಯಾಗುತ್ತದೆ ಎಂದ. ಹಾಸ್ಟೆಲಿನ ಹುಡುಗರು ತಲೆಯಾಡಿಸಿದರು, ಅದಲ್ಲ ಎಂದು. ಆಮೇಲೆ ಹಾಸ್ಟೆಲಿನ ಮುಂದಾಳು ಬಂದ. ಹುಡುಗಿಯರ ಪ್ರಶ್ನೆ ಆರಿಸಿಕೊಂಡ. ಕೋಣೆಗೆ ಬೀಗ ಹಾಕಿದರೆ ಕೂತು ಓದಿಕೊಳ್ಳಲು ಜಾಗವಿಲ್ಲ ಎಂದ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅವನಿಗೆ ಅರ್ಥವಾಗಲಿಲ್ಲ.

ಆಗ ಬೀಗದ ಪ್ರಶ್ನೆ ಬರೆದಿದ್ದ ಹುಡುಗಿಯನ್ನು ಅವಳ ಗೆಳತಿಯರು ಮುಂದಕ್ಕೆ ತಳ್ಳಿದರು. ಎರಡನೆಯ ವರ್ಷದ ಬಿ.ಕಾಂ. ಅವಳದು ಅಲೀಪುರ. ಶಿಡ್ಲಘಟ್ಟದಲ್ಲಿ ನೂಲಿನ ಚರಕವಿಟ್ಟುಕೊಂಡಿದ್ದ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಮೊದಲು ಅವಳು ಬೀಗದ ವಿಷಯವನ್ನು ಒಂದೇ ಮಾತಿನಲ್ಲಿ ಹೇಳಿದಳು: ಕೀಲಿ ಆಫೀಸಿನಲ್ಲಿರುತ್ತದೆ, ಗಂಡಸರ ಮುಂದೆ ಹೋಗಿ ಕೇಳಬೇಕು, ಅದಕ್ಕೆ ನಾವು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಹಾಸ್ಟೆಲಿನ ಮುಂದಾಳು ತಲೆ ತಗ್ಗಿಸಿದ. ಆಮೇಲೆ, ಬ್ಯಾಚಿನ ಪ್ರಶ್ನೆ ನೀನು ವಿವರಿಸು ಎಂದೆ.

"ನನಗೆ ಗೊತ್ತಿಲ್ಲ ಮೇಡಂ, ನಮಗೆ ಲ್ಯಾಬ್ ಇಲ್ಲ," ಎಂದಳು. "ಅವರನ್ನೇ ಕೇಳ್ಲಾ?"

ಇದನ್ನು ನಾನು ನಿಯಮದಲ್ಲಿ ಸೇರಿಸಿರಲಿಲ್ಲ. ಕೇಳು ಎಂದೆ. ಅವಳು ಹಾಸ್ಟೆಲಿನ ಮುಂದಾಳಿನ ಕಡೆ ತಿರುಗಿ ಕೇಳತೊಡಗಿದಳು. ಯಾವ ದಿನ ಲ್ಯಾಬು, ಬ್ಯಾಚು ಮಾಡಿದವರು ಯಾರು, ಕೊನೆಯ ಬ್ಯಾಚಿಗೆ ಏನೇನು ಉಳಿದಿರುತ್ತದೆ. ಸೀಸೆಗಳು ಖಾಲಿಯಾಗಿರುತ್ತವೆ, ಹೇಳಿಕೊಡುವವರು ಐದಕ್ಕೆ ಎದ್ದು ಹೋಗುತ್ತಾರೆ ಎಂದು ಅವನು ಹೇಳಿದ. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ.

"ಕೊನೇ ಬ್ಯಾಚಿಗೆ ಹಾಕಿದಾರೆ ಅನ್ನೋದು ಜಾಸ್ತಿ ಕಷ್ಟನಾ ಅಣ್ಣ, ನಿಮ್ಮನ್ನೆಲ್ಲ ಒಂದೇ ಬ್ಯಾಚಿಗೆ ಹಾಕಿದಾರೆ ಅನ್ನೋದಾ?"

ಅವನು ತನ್ನ ಹಾಸ್ಟೆಲಿನ ಹುಡುಗರ ಕಡೆ ನೋಡಿದ. "ಎರಡನೇದು," ಎಂದ.

ಅವಳು ನಮ್ಮ ಕಡೆ ತಿರುಗಿ ಅದನ್ನು ಹಾಗೆಯೇ ಹೇಳಿದಳು. ಸೀಸೆ ತುಂಬಿಸಿಕೊಟ್ಟರೂ ಈ ಪ್ರಶ್ನೆ ಮುಗಿಯುವುದಿಲ್ಲ, ಬೇರೆ ಮಾಡಿ ಕೂರಿಸಿದ್ದೇ ಪ್ರಶ್ನೆ ಎಂದಳು. ಹಾಸ್ಟೆಲಿನ ಹುಡುಗರು ಹೌದೆಂದರು. ಹಳ್ಳಿಯವರೂ ಅವಳನ್ನು ಒಪ್ಪಿದರು. ಪಟ್ಟಣದ ಮುಂದಾಳು, ಊರಿನವಳೇ ಅಲ್ಲ, ಯಾವ ಸಂಘದಲ್ಲೂ ಇಲ್ಲ, ಇವಳು ಹೇಗೆ ನಮ್ಮ ಪ್ರತಿನಿಧಿ ಎಂದು ಎದ್ದ. ಬಹಳ ಹೊತ್ತು ವಾದವಾಯಿತು. ಕೊನೆಗೆ, ಚುನಾವಣೆಯ ಪ್ರಶ್ನೆ ಬಿಡದೆ ಕೇಳಬೇಕೆಂಬ ಷರತ್ತಿನ ಮೇಲೆ ಅವನೂ ಕೂತ. ಕೇಳ್ತೀನಿ, ನಿಮ್ಮ ಮಾತಲ್ಲೇ ಕೇಳ್ತೀನಿ ಎಂದು ಅವಳು ಒಪ್ಪಿದಳು.

ಹುಡುಗಿಯ ಹೆಸರು ನೋಡಿ ಕಾರ್ಯದರ್ಶಿಯವರು ಕನ್ನಡಕ ತೆಗೆದರು. ಅವಳ ಮನೆಯವರು ಒಪ್ಪಿದ್ದಾರೆಯೇ ಎಂದು ಕೇಳಿದರು. ನಾನು ಅಂದೇ ಅವಳ ಮನೆಗೆ ಹೋದೆ. ಚಿಕ್ಕಪ್ಪನಿಗೆ ಪತ್ರಿಕೆಯಲ್ಲಿ ಹೆಸರು ಬರುತ್ತದೋ ಎಂಬ ಭಯ. ಚಿಕ್ಕಮ್ಮ ಚರಕದ ಮುಂದಿನಿಂದ ಎದ್ದು ಬಂದು ಕೈಯೊರೆಸಿಕೊಳ್ಳುತ್ತ ಗಂಡನಿಗೆ ಉರ್ದುವಿನಲ್ಲಿ ಏನೋ ಹೇಳಿದರು. ನನಗೆ ಕನ್ನಡದಲ್ಲಿ, "ದೊಡ್ಡೋರ ಮುಂದೆ ಕೂತ್ಕೊಂಡು ಒಂದು ಮಾತು ಕೇಳಿ ಬರ್ತಾಳೆ, ಅಷ್ಟೇ ತಾನೇ. ಹೋಗ್ಲಿ," ಎಂದರು.

ಸಮಿತಿ ಪ್ರಾಂಶುಪಾಲರ ಕೊಠಡಿಯಲ್ಲೇ ಸೇರಿತು. ನಡಾವಳಿ ಬರೆಯಲು ನಾನು ಮೂಲೆಯಲ್ಲಿ ಕೂತಿದ್ದೆ. ಹುಡುಗಿ ತಲೆಯ ಮೇಲಿನ ದುಪಟ್ಟ ಸರಿಮಾಡಿಕೊಂಡು ಡಾಕ್ಟರ ಪಕ್ಕದಲ್ಲಿ ಕೂತಳು. ಕುರ್ಚಿ ಎತ್ತರವಾಗಿ ಕಾಲು ನೆಲಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ.

ವಾಣಿಜ್ಯದ ಮೇಷ್ಟ್ರು ಮೊದಲು ಬಂದರು. ತಮ್ಮ ವಿದ್ಯಾರ್ಥಿನಿಯನ್ನು ಕಂಡು ಬಾಯ್ತುಂಬ ನಕ್ಕರು. ಅವಳು ನಾಲ್ಕು ಪ್ರಶ್ನೆಯನ್ನೂ ಕೇಳಿದಳು. ಹಾಜರಿಯ ವಿಷಯ ದೊಡ್ಡದೇನಲ್ಲ, ಅಡ್ಜಸ್ಟ್ ಮಾಡೋಣ ಎಂದರು. ಬ್ಯಾಚು ಆಯಾ ವಿಭಾಗದವರ ಕೆಲಸ, ಮಾತಾಡಿ ನೋಡುತ್ತೇನೆ ಎಂದರು. ಬೀಗದ ಬಗ್ಗೆ ಆಫೀಸಿನಲ್ಲಿ ವಿಚಾರಿಸೋಣ ಎಂದರು. ಟ್ರಸ್ಟು ಒಪ್ಪಿದರೆ ಚುನಾವಣೆಯನ್ನೂ ಮಾಡೋಣ. ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಕೋಣೆಯಲ್ಲಿ ಎಲ್ಲರ ಮುಖವೂ ಹಗುರಾಯಿತು.

ರಸಾಯನಶಾಸ್ತ್ರದ ಮುಖ್ಯಸ್ಥರು ಬಂದು ಕೂತದ್ದೇ ನೆಟ್ಟಗೆ. ಬಾರದವರನ್ನು ಬಂದರು ಎಂದು ನಾನು ಬರೆಯುವವನಲ್ಲ ಎಂದರು. ಆದರೆ ಗೂಡಿನ ದಿನಗಳಲ್ಲಿ ತಪ್ಪಿದ ಪಾಠವನ್ನು ಭಾನುವಾರ ಮತ್ತೆ ಮಾಡಿದರೆ ಅದೂ ಹಾಜರಿಯೇ, ಬರುವವರಿಗೆ ಮಾಡಿಸುತ್ತೇನೆ ಎಂದರು. ಚುನಾವಣೆ ನನ್ನ ಕಾಲದಲ್ಲಿ ಇಲ್ಲ. ಬೀಗ ಯಾಕಿದೆಯೋ ನನಗೂ ಗೊತ್ತಿಲ್ಲ, ತೆಗೆಸಬೇಕು ಎಂದರು. ಬ್ಯಾಚಿನ ಪ್ರಶ್ನೆ ಬಂದಾಗ ಮಾತ್ರ ಮುಖ ಕೆಂಪಾಯಿತು.

"ಹಾಸ್ಟೆಲ್ಲು ಹಿಂದೇನೇ ಇದೆಯಲ್ಲಮ್ಮ. ಬಸ್ಸಿಗೆ ಹೋಗೋ ಹುಡುಗರು ಮೊದ್ಲು ಮುಗಿಸ್ಕೊಳ್ಳಲಿ ಅಂತ ನಾನೇ ಹಾಗೆ ಮಾಡಿದ್ದು."

"ಊರಲ್ಲೇ ಮನೆ ಇರೋರೂ ಮೊದಲ್ನೇ ಬ್ಯಾಚಲ್ಲಿದಾರೆ ಸರ್. ಅವರಿಗೆ ಬಸ್ಸಿಲ್ಲ."

ಅವರು ಮೇಜನ್ನೇ ನೋಡುತ್ತ ಕೂತರು. "ಇದನ್ನ ನನಗೆ ಯಾರೂ ಹೇಳ್ಲಿಲ್ಲ," ಎಂದರು.

"ಯಾರು ಹೇಳ್ಬೇಕಿತ್ತು ಸರ್?"

ಅವಳ ದನಿಯಲ್ಲಿ ಸವಾಲಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಅದಕ್ಕೇ ಇರಬೇಕು, ಆ ಮನುಷ್ಯ ಸಿಟ್ಟಾಗಲಿಲ್ಲ. "ನಾನೇ ನೋಡ್ಬೇಕಿತ್ತು," ಎಂದರು ಕೊನೆಗೆ. "ಬದಲಾಯಿಸ್ತೀನಿ. ಈ ಕುರ್ಚಿಗೆ ಬಂದ್ರೂ ಸರಿ, ಬರದೇ ಇದ್ರೂ ಸರಿ." ಎದ್ದು ಹೋಗುವಾಗ ಯಾರಿಗೂ ನಮಸ್ಕಾರ ಹೇಳಲಿಲ್ಲ.

ಅಭಿಪ್ರಾಯ ಕೇಳುವ ಹೊತ್ತಾಯಿತು. ಅಧ್ಯಕ್ಷರೂ ಕಾರ್ಯದರ್ಶಿಯವರೂ ವಾಣಿಜ್ಯದ ಮೇಷ್ಟ್ರ ಪರ. ಡಾಕ್ಟರೂ ಹೆಡ್‌ಮಾಸ್ಟರೂ ಹಿರಿತನಕ್ಕೆ ಬೆಲೆ ಕೊಡಬೇಕೆಂದು ರಸಾಯನಶಾಸ್ತ್ರದವರ ಪರ. ಎಲ್ಲರೂ ಹುಡುಗಿಯ ಕಡೆ ತಿರುಗಿದರು. ಅವಳ ಒಂದು ಮಾತಿನ ಮೇಲೆ ಇಡೀ ವಿಷಯ ನಿಲ್ಲುತ್ತದೆಂದು ಅಲ್ಲಿದ್ದ ಯಾರೂ, ನಾನೂ, ಎಣಿಸಿರಲಿಲ್ಲ.

ಅವಳು ನನ್ನನ್ನು ನೋಡಿದಳು. ಆಮೇಲೆ ಅಧ್ಯಕ್ಷರನ್ನು.

"ಹೊರಗೆ ಹೋಗಿ ಅವರನ್ನ ಕೇಳಿ ಬರ್ಲಾ ಸರ್? ಅವರು ನನ್ನನ್ನ ಕೇಳೋಕೆ ಅಂತ ಕಳಿಸಿದಾರೆ. ಆರಿಸೋಕೆ ಅಂತ ಕಳಿಸಿಲ್ಲ."

ಕಾರ್ಯದರ್ಶಿಯವರು ಆಗದು ಎಂದರು. ಒಳಗಿನ ಮಾತು ಹೊರಗೆ ಹೋದರೆ ಸಮಿತಿಗೆ ಅರ್ಥವೇ ಇಲ್ಲ, ಆರಿಸಿ ಕಳಿಸಿದ ಮೇಲೆ ಅವಳ ವಿವೇಚನೆಗೇ ಬಿಟ್ಟದ್ದು ಎಂದರು. ಡಾಕ್ಟರು ಅದಕ್ಕೆ ಒಪ್ಪಲಿಲ್ಲ. ಅಧ್ಯಕ್ಷರು ನನ್ನ ಕಡೆ ತಿರುಗಿ, "ನೀವು ಇದನ್ನೇ ಪಾಠ ಮಾಡ್ತೀರಲ್ಲ ಮೇಡಂ, ಪುಸ್ತಕದಲ್ಲಿ ಏನಿದೆ?" ಎಂದು ಕೇಳಿದರು.

ಪುಸ್ತಕದಲ್ಲಿ ಎರಡೂ ಇದೆ ಎಂದೆ. ಕಳಿಸಿದವರು ಹೇಳಿದ್ದನ್ನೇ ಪ್ರತಿನಿಧಿ ಹೇಳಬೇಕು ಎಂಬ ಮತ ಒಂದು. ತನಗೆ ಸರಿಯೆಂದು ಕಂಡದ್ದನ್ನು ಹೇಳಬೇಕು ಎಂಬುದು ಇನ್ನೊಂದು. ಯಾವುದು ಸರಿ ಎಂದು ಪುಸ್ತಕ ತೀರ್ಮಾನ ಕೊಡುವುದಿಲ್ಲ, ನನಗೂ ಗೊತ್ತಿಲ್ಲ, ಈಗ ನೋಡಬೇಕೆಂಬ ಆಸೆಯಿದೆ ಎಂದೆ. ಅಧ್ಯಕ್ಷರು ನಕ್ಕುಬಿಟ್ಟರು. ಕಾಫಿ ತರಿಸೋಣ, ಅಷ್ಟರಲ್ಲಿ ಬಂದುಬಿಡಮ್ಮ, ಯಾರು ಯಾರ ಪರ ಎಂದು ಮಾತ್ರ ಬಾಯಿಬಿಡಬೇಡ ಎಂದರು.

ನಾನೂ ಅವಳ ಹಿಂದೆ ಹೋದೆ. ಹುಣಸೆಮರದ ಕೆಳಗೆ ಎಲ್ಲರೂ ಕಾಯುತ್ತಿದ್ದರು. ಅವಳು ಏನು ಮಾಡಿದಳೆಂದರೆ, ಅಭ್ಯರ್ಥಿಗಳ ಹೆಸರನ್ನೇ ಎತ್ತಲಿಲ್ಲ. ಒಬ್ಬರು ಹೀಗೆ ಹೇಳಿದರು, ಇನ್ನೊಬ್ಬರು ಹೀಗೆ ಹೇಳಿದರು ಎಂದು ನಾಲ್ಕು ಪ್ರಶ್ನೆಗೆ ಎರಡೆರಡು ಉತ್ತರವನ್ನು ಒಪ್ಪಿಸಿದಳು. ಚುನಾವಣೆ ಇಲ್ಲವೇ ಇಲ್ಲ ಎಂದದ್ದನ್ನೂ ಮೆದು ಮಾಡದೆ ಹೇಳಿದಳು.

ಪಟ್ಟಣದ ಮುಂದಾಳು ಕೂಡಲೇ ಮೊದಲನೆಯವರೇ ಸರಿ ಎಂದ. ಹಾಜರಿ ಅಡ್ಜಸ್ಟ್ ಮಾಡುತ್ತಾರೆಂದರೆ ಹಳ್ಳಿಯವರಿಗೂ ಅನುಕೂಲ ತಾನೇ ಎಂದು ಅವರ ಕಡೆ ತಿರುಗಿದ. ಕೆಲವರು ತಲೆದೂಗಿದರು. ಕೆಂಚಾರ್ಲಹಳ್ಳಿಯ ಹುಡುಗ ಎದ್ದು ನಿಂತ. ಅಷ್ಟು ಜನರ ಮುಂದೆ ಅವನು ಬಾಯಿ ತೆರೆದದ್ದನ್ನು ನಾನು ಮೊದಲ ಸಲ ನೋಡಿದೆ.

"ಅಡ್ಜಸ್ಟ್ ಅಂದ್ರೆ ಯಾರಿಗೆ ಆಗುತ್ತೆ? ಪರಿಚಯ ಇರೋರಿಗೆ. ನನಗೆ ಯಾರ ಪರಿಚಯ ಇದೆ? ಭಾನುವಾರ ಬಾ ಅಂದ್ರೆ ಬರ್ತೀನಿ."

ಎರಡನೆಯ ಉತ್ತರಗಳು ಯಾರವೆಂದು ಹಾಸ್ಟೆಲಿನ ಮುಂದಾಳಿಗೆ ಕೇಳಿದೊಡನೆ ತಿಳಿದಿತ್ತು. ಮೂರು ವರ್ಷ ಅವರ ಕೈಕೆಳಗೆ ಕಲಿತವನು. ಅವರು ಬೇಡವೇ ಬೇಡವೆಂದು ಮನಸ್ಸಿನಲ್ಲಿಟ್ಟುಕೊಂಡೇ ಮೊದಲ ದಿನ ಮೊಗಸಾಲೆಯಲ್ಲಿ ಕೂತವನೂ ಅವನೇ.

"ಬದಲಾಯಿಸ್ತೀನಿ ಅಂದ್ರಾ?" ಎಂದು ಅವಳನ್ನು ಕೇಳಿದ. "ಅವರ ಬಾಯಿಂದಾನೇ?"

"ನಾನು ಹೆಸರು ಹೇಳಲ್ಲ ಅಣ್ಣ. ಬದಲಾಯಿಸ್ತೀನಿ ಅಂದ್ರು. ಕುರ್ಚಿಗೆ ಬರದೇ ಇದ್ರೂ ಬದಲಾಯಿಸ್ತೀನಿ ಅಂದ್ರು. ನಾನೇ ನೋಡ್ಬೇಕಿತ್ತು ಅಂತಾನೂ ಅಂದ್ರು."

ಕೈ ಎತ್ತಿಸಿದೆವು. ಒಮ್ಮತವೇನೂ ಆಗಲಿಲ್ಲ. ಪಟ್ಟಣದ ಹುಡುಗರಲ್ಲಿ ಬಹುಪಾಲು ಮೊದಲನೆಯ ಉತ್ತರಗಳಿಗೇ ಎತ್ತಿದರು. ಎರಡನೆಯದಕ್ಕೆ ಹುಡುಗಿಯರು, ಹಳ್ಳಿಯವರು ಎತ್ತಿದರು. ಹಾಸ್ಟೆಲಿನವರು ತಮ್ಮ ಮುಂದಾಳಿನ ಕೈಯನ್ನೇ ನೋಡುತ್ತಿದ್ದರು. ಅವನು ತಡೆದು ತಡೆದು ಎತ್ತಿದ. ಎಣಿಸುವ ಅಗತ್ಯ ಬೀಳಲಿಲ್ಲ, ಕಣ್ಣಿಗೇ ಕಾಣುತ್ತಿತ್ತು.

ಒಳಗೆ ಕಾಫಿ ಆರಿಹೋಗಿತ್ತು. ಹುಡುಗಿ ನಿಂತುಕೊಂಡೇ ರಸಾಯನಶಾಸ್ತ್ರದ ಮುಖ್ಯಸ್ಥರ ಹೆಸರು ಹೇಳಿದಳು. ಬ್ಯಾಚಿನ ಮಾತು ನಡಾವಳಿಯಲ್ಲಿ ಸೇರಬೇಕೆಂದೂ ಹೇಳಿದಳು. ನಾನು ಬರೆದುಕೊಂಡೆ.

ಮಾರನೆಯ ಬೆಳಿಗ್ಗೆ ಹೊಸ ಪ್ರಭಾರ ಪ್ರಾಂಶುಪಾಲರು ಆಫೀಸಿಗೆ ಬಂದು ಮೊದಲು ಕೇಳಿದ್ದು ಲೇಡೀಸ್ ರೂಮಿನ ಕೀಲಿ. ಕೀಲಿ ಇಸಿದುಕೊಂಡು ತಾವೇ ಹೋಗಿ ಬೀಗ ತೆಗೆದು ಜೇಬಿಗೆ ಹಾಕಿಕೊಂಡು ಬಂದರು. ಮುಂದಿನ ವಾರದ ಪ್ರಯೋಗದ ಹೊತ್ತಿಗೆ ಬ್ಯಾಚುಗಳು ಕಲೆತವು. ಹಾಸ್ಟೆಲಿನ ಮುಂದಾಳಿನ ಜೊತೆ ಅವರು ಮೊದಲಿನಷ್ಟೇ ಬಿಗುವಾಗಿದ್ದರು, ಅವನೂ ಹಾಗೇ ಇದ್ದ. ಭಾನುವಾರದ ಪಾಠಕ್ಕೆ ಕೆಲವು ವಾರ ಹುಡುಗರು ತುಂಬಿದರು, ಆಮೇಲೆ ತೆಳುವಾದರು. ಹಾಜರಿ ಸಾಲದೆ ಒಂದಿಬ್ಬರು ಪರೀಕ್ಷೆ ಕಳೆದುಕೊಂಡದ್ದೂ ಉಂಟು. ಚುನಾವಣೆ ನಡೆಯಲಿಲ್ಲ. ಪಟ್ಟಣದ ಮುಂದಾಳು ವರ್ಷ ಪೂರ್ತಿ ನನಗೆ ನಮಸ್ಕಾರ ಮಾಡಲಿಲ್ಲ.

ಮರುವರ್ಷವೂ ಹಳೆಯ ಪ್ರಾಂಶುಪಾಲರು ಕೆಲಸಕ್ಕೆ ಬರಲಾಗದೆ ಕಾಯಂ ಪ್ರಾಂಶುಪಾಲರ ಆಯ್ಕೆ ಬಂತು. ಆ ಸಲ ವಿದ್ಯಾರ್ಥಿಗಳಿಗೆ ಕುರ್ಚಿ ಕೊಡಲಿಲ್ಲ. ಹೋದ ಸಲದ್ದು ತಾತ್ಕಾಲಿಕ ಏರ್ಪಾಡು, ಅದೇ ಪದ್ಧತಿಯಾಗಬಾರದು ಎಂದರು ಕಾರ್ಯದರ್ಶಿ. ಎರಡು ಸಂಘಗಳ ಹೊಸ ಹುಡುಗರೂ ಹುಡುಗಿಯರೂ ಒಟ್ಟಿಗೆ ಕೂತು ಪ್ರಶ್ನೆಗಳನ್ನು ಬರೆದು ಸಮಿತಿಯ ಬಾಗಿಲಲ್ಲಿ ನಿಂತರು. ಸಂದರ್ಶನಕ್ಕೆ ಬಂದವರಲ್ಲಿ ಇಬ್ಬರು ನಿಂತು ಉತ್ತರ ಕೊಟ್ಟು ಒಳಗೆ ಹೋದರು. ಮೂರನೆಯವರು ಕಾಗದ ತೆಗೆದುಕೊಳ್ಳಲೇ ಇಲ್ಲ. ಟ್ರಸ್ಟು ಆರಿಸಿದ್ದು ಅವರನ್ನೇ.

ಆ ದಿನ ಅಲೀಪುರದ ಹುಡುಗಿಯೂ ಬಾಗಿಲಲ್ಲಿ ನಿಂತಿದ್ದಳು. ಆಗ ಅವಳು ಕೊನೆಯ ವರ್ಷ. ಗುಂಪು ಚದುರಿದ ಮೇಲೆ ಇಬ್ಬರೂ ಮೊಗಸಾಲೆಯ ಕಟ್ಟೆಯ ಮೇಲೆ ಕೂತೆವು. ಬಹಳ ದಿನದಿಂದ ನನ್ನ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. ಹೋದ ವರ್ಷ ಹೊರಗೆ ಹೋಗಲು ಅವರು ಬಿಡದೇ ಇದ್ದಿದ್ದರೆ, ನಿನ್ನನ್ನೇ ಆರಿಸು ಎಂದಿದ್ದರೆ, ಯಾರ ಹೆಸರು ಹೇಳುತ್ತಿದ್ದೆ?

ಅವಳು ಯೋಚಿಸಲೂ ಇಲ್ಲ. "ನಮ್ಮ ಕಾಮರ್ಸ್ ಸರ್‌ದೇ ಮೇಡಂ. ನನಗೆ ಅವರು ಅಂದ್ರೆ ತುಂಬಾ ಇಷ್ಟ. ಫಸ್ಟ್ ಇಯರಲ್ಲಿ ಓದು ಬಿಡಿಸ್ತೀವಿ ಅಂತ ಮನೇಲಿ ಅಂದಾಗ ಅವರೇ ಬಂದು ಚಿಕ್ಕಪ್ಪನ ಹತ್ರ ಮಾತಾಡಿ ಉಳಿಸಿದ್ದು."

ಅಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನದು ಅವರದೇ ಪಾಠವಂತೆ. ತಡವಾದರೆ ಅವರೇನೂ ಬೈಯುವುದಿಲ್ಲ, ಆದರೂ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಹೇಳಿ, ಪುಸ್ತಕಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಓಡಿದಳು.